ಕಾವಿಗೆ ಕೂತವಳು

ಹೇಂಟೆ ಕಾವಿಗೆ ಬಂತೆಂಬ ಸುದ್ದಿ ಮೊದಲು ಮುಟ್ಟುವುದು ಕಿವಿಗೆ. ನಿನ್ನೆಯ ತನಕ ಒಂದು ಮೊಟ್ಟೆ ಇಟ್ಟದ್ದಕ್ಕೆ ಮೂರು ಮನೆಗೆ ಕೇಳುವ ಹಾಗೆ ಬೊಬ್ಬೆ ಹಾಕುತ್ತಿದ್ದ ಕೋಳಿ, ಇವತ್ತು ಗಂಟಲೊಳಗೇ ಏನೋ ಗೊಣಗಿಕೊಳ್ಳುತ್ತ ತಿರುಗುತ್ತದೆ. ರೆಕ್ಕೆ ಇಳಿಬಿದ್ದಿರುತ್ತದೆ, ಪುಕ್ಕ ಕೆದರಿ ಮೈ ಒಂದೂವರೆ ಪಟ್ಟು ಆಗಿರುತ್ತದೆ. ಹುಂಜ ಸುಮ್ಮನೆ ಹತ್ತಿರ ಸುಳಿದರೂ ಅಟ್ಟಿಸಿಕೊಂಡು ಹೋಗುತ್ತದೆ. ಮೊಟ್ಟೆ ತೆಗೆಯಲು ಬಂದ ಕೈಯನ್ನಂತೂ ಬರೀ ಕುಕ್ಕುವುದಲ್ಲ, ಚರ್ಮ ಕಚ್ಚಿಹಿಡಿದು ತಿರುಚುತ್ತದೆ. ಶಿರ್ವದ ಕಡೆಯ ನಮ್ಮ ಮನೆಯಲ್ಲಿ ಇಷ್ಟಾದ ಮೇಲೆ ಕೋಳಿಗೂಡಿನ ಆಡಳಿತ ಪೂರ್ತಿ ದೊಡ್ಡಮ್ಮನ ಕೈಗೆ ಹೋಗುತ್ತಿತ್ತು. ಮಕ್ಕಳಿಗೆ ಅತ್ತ ಪ್ರವೇಶವಿಲ್ಲ. ದೊಡ್ಡಪ್ಪನಿಗೂ ಇಲ್ಲ, ಅವರಿಗೆ ಆಮ್ಲೆಟಿನ ಆಸೆ ಜಾಸ್ತಿ ಎಂಬ ಕಾರಣಕ್ಕೆ.

ಕಾವಿಗೆ ಬಂದ ಕೂಡಲೇ ನಂಬಿ ಮೊಟ್ಟೆ ಕೊಡುವ ಜಾಯಮಾನ ದೊಡ್ಡಮ್ಮನದ್ದಲ್ಲ. ಕೋಳಿಗೆ ಪರೀಕ್ಷೆ ಉಂಟು. ನೆಪಕ್ಕೆ ಒಂದೆರಡು ಹಳೆ ಮೊಟ್ಟೆ ಅಡಿಗಿಟ್ಟು ರಾತ್ರಿ ಏನು ಮಾಡುತ್ತದೆ ಎಂದು ನೋಡುವುದು. ಕೆಲವಕ್ಕೆ ಹಗಲಿಗೆ ಮಾತ್ರ ಕಾವು. ಸಂಜೆಯಾದರೆ ಉಳಿದವುಗಳ ಜೊತೆ ಮರ ಹತ್ತುತ್ತವೆ. “ಅದಕ್ಕೆಂಥ ಕಾವು ಮಾರಾಯಾ, ನೆರಳು ಕಂಡಲ್ಲಿ ಕೂತದ್ದು ಅಷ್ಟೆ” ಎಂದು ಅಂಥದ್ದನ್ನು ಫೇಲು ಮಾಡುತ್ತಿದ್ದರು. ಎತ್ತಿ ಅಂಗಳಕ್ಕೆ ಬಿಟ್ಟರೂ ಸುತ್ತಿ ಬಳಸಿ ಅದೇ ಬುಟ್ಟಿಗೆ ಬಂದು ಕೂರುವ ಹಠದವಳು ಪಾಸು. ನಿಜವಾದ ಮೊಟ್ಟೆ ಇಡುವ ಶಾಸ್ತ್ರ ಕತ್ತಲಾದ ಮೇಲೆ, ದೀಪವಿಲ್ಲದೆ. ಹೊಟ್ಟೆಯಡಿಗೆ ಕೈ ತೂರಿಸಿದರೆ ಅಲ್ಲಿ ಪುಕ್ಕ ಉದುರಿ ಬರೀ ಚರ್ಮ, ಜ್ವರ ಬಂದ ಮಗುವಿನ ಹಣೆಯ ಹಾಗೆ ಸುಡುತ್ತಿರುತ್ತದೆ. ಕೋಳಿಯ ಮೈಬಿಸಿ ಹೇಗೂ ನಮ್ಮದಕ್ಕಿಂತ ಹೆಚ್ಚು, 41 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಆ ಬರಿಯ ಚರ್ಮದಿಂದ ಇಳಿದ ಬಿಸಿ ಮೊಟ್ಟೆಯೊಳಗೆ ಹೆಚ್ಚುಕಡಿಮೆ 37.5 ಡಿಗ್ರಿಗೆ ಬಂದು ನಿಲ್ಲುತ್ತದೆ. ಯಂತ್ರ ಮಾಡುವವರು ಥರ್ಮೋಸ್ಟಾಟ್ ಇಟ್ಟು ಹಿಡಿಯಲು ಹೆಣಗುವ ಅಂಕಿ ಅದು.

ಇಡುವ ಮೊಟ್ಟೆಯನ್ನು ಆರಿಸುವುದರಲ್ಲೂ ಹಾಗೆ. ತೀರಾ ದೊಡ್ಡದು ಬೇಡ, ಒಳಗೆ ಎರಡು ಹಳದಿ ಇರಬಹುದು. ತೀರಾ ಸಣ್ಣದು, ಮೂತಿ ಉದ್ದವಾದದ್ದು, ಕೂದಲೆಳೆ ಬಿರುಕಿನದು ಬೇಡ. ಅಂಗಡಿಯ ಬಿಳಿ ಮೊಟ್ಟೆ ಇಟ್ಟರೆ ಮರಿಯಾಗುತ್ತದೋ ಎಂದು ಕೇಳುವವರು ಈಗಲೂ ಇದ್ದಾರೆ. ಹುಂಜನ ಮುಖವನ್ನೇ ಕಾಣದ ಕೋಳಿಯ ಮೊಟ್ಟೆಯಲ್ಲಿ ಮರಿ ಎಲ್ಲಿಂದ ಬರಬೇಕು?

ದೊಡ್ಡ ತಾಪತ್ರಯ ಮೊಟ್ಟೆ ಕೂಡಿಡುವುದರಲ್ಲಿತ್ತು. ನಾಟಿ ಕೋಳಿ ದಿನಕ್ಕೊಂದರಂತೆ, ನಡುವೆ ರಜೆ ಹಾಕಿ ಇಡುವುದು. ಒಂದು ಕಾವಿಗೆ ಆಗುವಷ್ಟು ಒಟ್ಟಾಗುವ ಹೊತ್ತಿಗೆ ಮೊದಲನೆಯದು ಹಳತಾಗಿರುತ್ತದೆ. ತಂಪಿನಲ್ಲಿದ್ದರೆ ಮೊಟ್ಟೆಯೊಳಗಿನ ಜೀವ ಅಲ್ಲಿಗೇ ನಿಂತು ಕಾಯುತ್ತದೆ, ಬಿಸಿ ಸಿಕ್ಕಾಗ ಮುಂದುವರಿಯುತ್ತದೆ. ಎಲ್ಲ ಮರಿಗಳೂ ಹೆಚ್ಚುಕಡಿಮೆ ಒಂದೇ ದಿನ ಹೊರಬರುವ ಗುಟ್ಟು ಇದು. ಹಾಗೆ ಕಾದಿಡಲು 15ರಿಂದ 18 ಡಿಗ್ರಿ ಒಳ್ಳೆಯದೆಂದು ಕೋಳಿ ಸಾಕಣೆಯ ಪುಸ್ತಕಗಳು ಹೇಳುತ್ತವೆ. ಉಡುಪಿಯ ಸೆಕೆಯಲ್ಲಿ ಆ ಅಂಕಿ ಎಲ್ಲಿ ಸಿಗಬೇಕು! ಎಪ್ರಿಲ್‌ನಲ್ಲಿ ಅಡುಗೆಮನೆಯ ಕಟ್ಟೆಯ ಮೇಲಿಟ್ಟ ಮೊಟ್ಟೆ ಅರೆಬರೆ ಬೆಳೆಯಲು ಹೊರಟು, ದಾರಿಯಲ್ಲೇ ಸತ್ತು, ಕೊಳೆಯುತ್ತದೆ. ದೊಡ್ಡಮ್ಮ ಕುಡಿಯುವ ನೀರಿನ ಮಡಕೆಯ ಪಕ್ಕದಲ್ಲಿ, ತೇವದ ಮರಳು ತುಂಬಿದ ಇನ್ನೊಂದು ಮಡಕೆಯೊಳಗೆ ಮೊಟ್ಟೆಗಳನ್ನು ಹೂತಿಡುತ್ತಿದ್ದರು. ಒಂದು ವಾರ ದಾಟಿದ್ದು ದೊಡ್ಡಪ್ಪನ ಪಾಲು. ಅವರು ವಾರಗಳನ್ನು ಎಣಿಸುವುದರಲ್ಲಿ ಎಷ್ಟು ನಿಪುಣರಾಗಿದ್ದರೆಂದರೆ, ಕ್ಯಾಲೆಂಡರನ್ನು ಅವರೇ ತೂಗುಹಾಕುತ್ತಿದ್ದರು.

ಗೂಡೆಂದರೆ ಸೌದೆ ಕೊಟ್ಟಿಗೆಯ ಮೂಲೆಯಲ್ಲೊಂದು ಹಳೆ ಬುಟ್ಟಿ. ಅಡಿಗೆ ಮರಳು, ಮೇಲೆ ಬೈಹುಲ್ಲು, ನಡುವೆ ಒಂದು ಹಿಡಿ ನೆಕ್ಕಿ ಸೊಪ್ಪು. ಕಾವಿಗೆ ಕೂತ ಕೋಳಿಗೆ ಹೇನು ಹತ್ತಿದರೆ ಅದು ಗೂಡು ಬಿಟ್ಟೇಳುತ್ತದೆ, ಆ ಹೇನು ಮನುಷ್ಯರ ಮೈಗೂ ಏರುತ್ತದೆ. ಅದಕ್ಕಾಗಿ ಆ ಘಾಟಿನ ಸೊಪ್ಪು. ಇದರ ಜೊತೆಗೆ ಒಂದು ಇದ್ದಿಲು, ಒಂದು ಒಣಮೆಣಸು, ಒಂದು ತುಕ್ಕು ಹಿಡಿದ ಮೊಳೆ. ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು. ಇನ್ನು ಲೆಕ್ಕ: ಹನ್ನೊಂದೋ ಹದಿಮೂರೋ, ಒಟ್ಟು ಬೆಸ ಇರಬೇಕು. ಯಾಕೆ ಎಂದು ಕೇಳಿದರೆ, “ಸರಿ ಸಂಖ್ಯೆ ಇಟ್ಟು ನೋಡು, ಆಗ ಗೊತ್ತಾಗ್ತದೆ ಯಾಕೆ ಅಂತ” ಎನ್ನುತ್ತಿದ್ದರು. ಇಟ್ಟು ನೋಡುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಮೊಳೆ ಗುಡುಗನ್ನು ತಡೆಯುತ್ತದೆಂದು ನಾನು ಒಪ್ಪುವುದಿಲ್ಲ. ಆದರೆ ಗುಡುಗಿನ ಕಾಲಕ್ಕೆ ಮೊಟ್ಟೆ ಕೆಡುವುದು ಸುಳ್ಳಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಊರು ಇದು. ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ಕಾವಿನ ಅವಧಿಯಲ್ಲಿ ಒಳಗಿನ ನೀರಿನಂಶ ಸ್ವಲ್ಪ ಸ್ವಲ್ಪವಾಗಿ ಆವಿಯಾಗಿ ಹೋಗಬೇಕು, ಆಗ ಮೊಂಡು ತುದಿಯ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಮರಿಯ ಮೊದಲ ಉಸಿರು ಆ ಕೋಣೆಯ ಗಾಳಿ. ಆಟಿಯ ತೇವದಲ್ಲಿ ನೀರು ಸಾಕಷ್ಟು ಆರುವುದಿಲ್ಲ, ಕೋಣೆ ಕಿರಿದಾಗಿಯೇ ಉಳಿಯುತ್ತದೆ, ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಉಸಿರುಗಟ್ಟುತ್ತದೆ. ಬದುಕಿ ಬಂದದ್ದೂ ಚಳಿಗೆ ಮುದುಡಿ ಸಾಯುತ್ತದೆ. ದೀಪಾವಳಿಯ ಮಳೆ ಹಿಂದೆ ಸರಿದ ಮೇಲೆಯೇ ಕಾವಿಗಿಡಬೇಕು ಎಂಬ ಊರಿನ ಪದ್ಧತಿಗೆ ಈ ಲೆಕ್ಕವೂ ಸೇರಿದೆ, ಇನ್ನೊಂದು ಲೆಕ್ಕವೂ ಸೇರಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಇಪ್ಪತ್ತೊಂದು ದಿನ. ದಿನಕ್ಕೊಮ್ಮೆ ಕಾಲು ಗಂಟೆ, ಹೆಚ್ಚೆಂದರೆ ಇಪ್ಪತ್ತು ನಿಮಿಷ ಎದ್ದು, ನಾಲ್ಕು ಕಾಳು ನುಂಗಿ, ನೀರು ಕುಡಿದು, ದಿನದ ಹಿಕ್ಕೆಯನ್ನೆಲ್ಲ ಒಂದೇ ಸಲ ಹಾಕಿ, ಬೂದಿಯಲ್ಲಿ ಹೊರಳಿ, ಓಡಿ ಬಂದು ಕೂರುತ್ತದೆ. ಉಳಿದ ಹೊತ್ತು ಕೊಕ್ಕಿನಿಂದ ಮೊಟ್ಟೆಗಳನ್ನು ಹೊರಳಿಸುವುದು, ಅಂಚಿನವನ್ನು ನಡುವಿಗೆ, ನಡುವಿನವನ್ನು ಅಂಚಿಗೆ ಸರಿಸುವುದು. ಹೊರಳಿಸದಿದ್ದರೆ ಪಿಂಡ ಚಿಪ್ಪಿನ ಒಳಪೊರೆಗೆ ಅಂಟಿಕೊಂಡುಬಿಡುತ್ತದೆ. ಗ್ರೀಸಿನ ಅರಿಸ್ಟಾಟಲ್ ಕಾವಿನ ಮೊಟ್ಟೆಗಳನ್ನು ಬೇರೆ ಬೇರೆ ಹಂತದಲ್ಲಿ ಒಡೆದು ನೋಡಿ, ಮೂರು ಹಗಲು ಮೂರು ರಾತ್ರಿ ಕಳೆದಾಗ ಬಿಳಿಯ ನಡುವೆ ರಕ್ತದ ಚುಕ್ಕೆಯೊಂದು ಮಿಡಿಯುವುದು ಕಾಣುತ್ತದೆ ಎಂದು ಬರೆದಿಟ್ಟಿದ್ದಾನೆ. ಅದು ಹೃದಯ. ನಮ್ಮ ಮನೆಯಲ್ಲಿ ಒಡೆಯುವ ಪ್ರಶ್ನೆಯೇ ಇಲ್ಲ. ಒಂದು ವಾರದ ಮೇಲೆ, ಕತ್ತಲ ಕೋಣೆಯಲ್ಲಿ, ಟಾರ್ಚಿನ ಬಾಯಿಗೆ ಅಂಗೈ ಸುತ್ತಿ ಮೇಲೆ ಮೊಟ್ಟೆ ಇಟ್ಟರೆ ಬೇರು ಬಿಟ್ಟಂತೆ ಕೆಂಪು ನರಗಳು ಕಾಣುತ್ತವೆ. ಕಾಣದ್ದು ಬರಡು. ಕೊನೆಯ ಎರಡು ಮೂರು ದಿನ ಉಳಿದಾಗ ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿ ತೇಲಬಿಡುವುದು ಇನ್ನೊಂದು ಪರೀಕ್ಷೆ. ಜೀವವಿರುವ ಮೊಟ್ಟೆ ನೀರಿನಲ್ಲಿ ತಾನಾಗಿ ಕುಣಿಯುತ್ತದೆ. ಈ ಒಂದು ಆಟಕ್ಕೆ ಮಾತ್ರ ದೊಡ್ಡಮ್ಮ ನಮ್ಮನ್ನು ಕರೆಯುತ್ತಿದ್ದರು. ಉಸಿರು ಬಿಗಿಹಿಡಿದು ಪಾತ್ರೆಯ ಸುತ್ತ ಕೂತ ನಮಗೆ ಆ ನಡುಕ ಕಂಡರೆ ಹರಿಶ್ಚಂದ್ರ ಪ್ರಸಂಗದ ಹಾಸ್ಯಗಾರ ಬಂದಷ್ಟು ಸಂತೋಷ.

ಹೊರಬರುವ ಮುಂಚಿನ ದಿನ ಚಿಪ್ಪಿನೊಳಗಿನಿಂದಲೇ ಚಿಂವ್ ಎನ್ನುವುದು ಕೇಳುತ್ತದೆ. ತಾಯಿ ಹೊರಗಿನಿಂದ ಮೆಲ್ಲಗೆ ಉತ್ತರ ಕೊಡುತ್ತದೆ. ಮರಿಯ ಕೊಕ್ಕಿನ ತುದಿಯಲ್ಲಿ ಈ ಕೆಲಸಕ್ಕೆಂದೇ ಒಂದು ಬಿಳಿ ಮುಳ್ಳು ಇರುತ್ತದೆ, ಕೆಲಸ ಮುಗಿದ ಮೇಲೆ ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಮೊದಲ ತೂತು ಬಿದ್ದಲ್ಲಿಂದ ಪೂರ್ತಿ ಹೊರಬರಲು ಅರ್ಧ ದಿನವೂ ಹಿಡಿಯಬಹುದು. ಅಷ್ಟು ಹೊತ್ತು ಸುಮ್ಮನಿರುವುದು ಮನುಷ್ಯರಿಗೆ ಬಲು ಕಷ್ಟ. ಆದರೆ ನಾವು ಚಿಪ್ಪು ಬಿಡಿಸಿ ಕೊಟ್ಟರೆ ರಕ್ತ ಇನ್ನೂ ಹರಿಯುತ್ತಿರುವ ಪೊರೆ ಹರಿದು ಮರಿ ಸಾಯುತ್ತದೆ. ಹೊರಡುವ ಮೊದಲು ಅದು ಉಳಿದ ಹಳದಿಯನ್ನೆಲ್ಲ ಹೊಟ್ಟೆಯೊಳಗೆ ಎಳೆದುಕೊಂಡಿರುತ್ತದೆ. ಆ ಬುತ್ತಿಯಲ್ಲಿ ಎರಡು ಮೂರು ದಿನ ಅನ್ನ ನೀರಿಲ್ಲದೆ ಬದುಕಬಲ್ಲದು. ತಡವಾಗಿ ಒಡೆಯುವ ತಮ್ಮ ತಂಗಿಯರಿಗಾಗಿ ತಾಯಿ ಕೂತೇ ಇರಬೇಕಾದ್ದರಿಂದ ಈ ಏರ್ಪಾಡು. ಮರಿ ಮಾರುವ ಉದ್ಯಮ ಬೆಳೆದದ್ದೂ ಇದೇ ಏರ್ಪಾಡಿನ ಮೇಲೆ. ಒಂದು ದಿನದ ಮರಿಗಳನ್ನು ತೂತು ಕೊರೆದ ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ ಎಷ್ಟೋ ಮೈಲಿ ಸಾಗಿಸುತ್ತಾರಲ್ಲ, ದಾರಿಯುದ್ದಕ್ಕೂ ಅವು ಉಣ್ಣುವುದು ತಾಯಿ ಕೊಟ್ಟ ಬುತ್ತಿ. ಉಡುಪಿಯ ರಸ್ತೆ ಬದಿಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನು ಕಂಡು ಮಕ್ಕಳು ಹಠ ಹಿಡಿಯುತ್ತವೆ. ಅವುಗಳಲ್ಲಿ ಹೆಚ್ಚಿನವು ಮೊಟ್ಟೆ ಕೋಳಿಗಳ ಗಂಡು ಮರಿಗಳು. ಮೊಟ್ಟೆ ಇಡದ, ಮಾಂಸವೂ ಏರದ ಗಂಡು ಯಾರಿಗೂ ಬೇಡ.

ಕಾವು ಕೊಡುವ ಯಂತ್ರದ ಮಾತು ಬಂದಾಗಲೆಲ್ಲ ನನಗೆ ಮಣಿಪಾಲ ನೆನಪಾಗುತ್ತದೆ. ಅಲ್ಲಿನ ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿರುತ್ತಾರೆ. ಆ ಪೆಟ್ಟಿಗೆಯ ಮೂಲ ಕೋಳಿಗೂಡು. ಪ್ಯಾರಿಸ್ಸಿನ ಪ್ರಸೂತಿ ವೈದ್ಯ ಸ್ಟೆಫಾನ್ ಟಾರ್ನಿಯೆ ಅಲ್ಲಿನ ಮೃಗಾಲಯದಲ್ಲಿ ಕೋಳಿ ಮೊಟ್ಟೆ ಮರಿ ಮಾಡುವ ಯಂತ್ರ ನೋಡಿ, ಅದನ್ನು ಮಾಡಿದ ಓದಿಲ್ ಮಾರ್ತಾನಿಗೇ ಹೇಳಿ ಶಿಶುಗಳಿಗೆ ಅಂಥದ್ದೊಂದನ್ನು ಮಾಡಿಸಿದ. 1880ರ ಹೊತ್ತಿಗೆ ಅದು ಆಸ್ಪತ್ರೆಯಲ್ಲಿ ಬಳಕೆಗೆ ಬಂತು. ಎರಡು ಕಿಲೋಗಿಂತ ಕಡಿಮೆ ತೂಕದ ಶಿಶುಗಳಲ್ಲಿ ನೂರಕ್ಕೆ 66 ಸಾಯುತ್ತಿದ್ದದ್ದು 38ಕ್ಕೆ ಇಳಿಯಿತು. ನಮ್ಮ ನೆಂಟರ ಪೈಕಿ ಒಬ್ಬ ಮಾಣಿ ಆ ಗಾಜಿನೊಳಗೆ ಬೆಳೆದು ಮನೆಗೆ ಬಂದಾಗ ನಾನು ಈ ಕತೆ ಹೇಳಿದೆ. ದೊಡ್ಡಮ್ಮ ಮಗುವನ್ನು ಮಡಿಲಿಗೆ ತೆಗೆದುಕೊಂಡು, “ಹಾಗಾದ್ರೆ ಇವನು ನಮ್ಮ ಕೋಳಿಯ ಕಡೆಯವನು” ಎಂದು ಸಂಬಂಧ ಹಚ್ಚಿದರು.

ಇಷ್ಟೆಲ್ಲ ಮಾಡುವ ಹೇಂಟೆಯನ್ನು ಕೋಳಿ ಉದ್ಯಮ ಮಾತ್ರ ಹಾಳು ಕಸುಬಿನವಳೆಂದೇ ಬಗೆಯಿತು. ಅದರ ಲೆಕ್ಕವೂ ತಪ್ಪಲ್ಲ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರಿದರೆ ಕೋಳಿ ಕಾವಿಗೆ ಕೂರುತ್ತದೆ, ಕೂತರೆ ಮೊಟ್ಟೆ ನಿಲ್ಲುತ್ತದೆ. ಮರಿ ಸಾಕುವುದೂ ಸೇರಿ ಎರಡು ಮೂರು ತಿಂಗಳ ಸಂಪಾದನೆ ಹೋಯಿತು. ಹಾಗಾಗಿ ಕಾವಿಗೆ ಕೂರದ ಕೋಳಿಗಳನ್ನೇ ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತ ಬಂದು, ವೈಟ್ ಲೆಗ್‌ಹಾರ್ನಿನಂಥ ತಳಿಗೆ ಆ ಆಸೆಯನ್ನೇ ಮರೆಸಿದರು. ಅದು ವರ್ಷಕ್ಕೆ 300ರ ತನಕ ಮೊಟ್ಟೆ ಇಟ್ಟರೆ ನಮ್ಮ ನಾಟಿ 60ರ ಆಸುಪಾಸಿನಲ್ಲಿ ಕೈಚೆಲ್ಲುತ್ತದೆ. ಹಳ್ಳಿಯವರಿಗೂ ಕಾವು ಬೇಡವಾದಾಗ ಅದನ್ನು ಬಿಡಿಸುವ ಉಪಾಯಗಳಿದ್ದವು: ಹೊಟ್ಟೆಯನ್ನು ತಣ್ಣೀರಿನಲ್ಲಿ ಅದ್ದುವುದು, ಉದುರಿದ ಗರಿಯೊಂದನ್ನು ಮೂಗಿನ ಹೊಳ್ಳೆಗೆ ಸಿಕ್ಕಿಸುವುದು. ಗರಿಯದ್ದು ಬರೀ ಹಿಂಸೆ. ತಣ್ಣೀರಿನಲ್ಲಿ ಸ್ವಲ್ಪ ಅರ್ಥವಿದೆ, ಹೊಟ್ಟೆ ತಂಪಾದರೆ ಕೂರುವ ಹುಚ್ಚು ಇಳಿಯುತ್ತದೆ.

1989ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿತ್ತಲಲ್ಲಿ ಸಾಕಲೆಂದೇ ಗಿರಿರಾಜ ತಳಿಯನ್ನು ಹೊರತಂದರು. ಬಣ್ಣದ್ದು, ಗಟ್ಟಿಮುಟ್ಟು, ನಾಟಿಗಿಂತ ಬೇಗ ತೂಕ ಬರುವಂಥದ್ದು. ಒಂದೇ ಕೊರತೆ, ಕಾವಿಗೆ ಕೂರುವುದಿಲ್ಲ. ಊರವರು ಮಾರ್ಗ ಕಂಡುಕೊಂಡರು. ಗಿರಿರಾಜನ ಮೊಟ್ಟೆ, ನಾಟಿಯ ಹೊಟ್ಟೆ. ಎರಡು ತಿಂಗಳಾಗುವಾಗ ಮರಿಗಳು ಸಾಕುತಾಯಿಯನ್ನು ಮೀರಿ ಬೆಳೆದಿರುತ್ತವೆ. ಸಂಜೆ ಅವೆಲ್ಲ ಅವಳ ರೆಕ್ಕೆಯಡಿಗೆ ತಲೆ ತೂರಿಸಲು ಹೋಗಿ, ಅವಳೇ ನೆಲ ಬಿಟ್ಟು ಮೇಲೇಳುವುದನ್ನು ನೋಡಬೇಕು!

ಹಾಗಾದರೆ ನಷ್ಟದ ಬಾಬತ್ತಾದ ಈ ಕಾವಿನ ಹೇಂಟೆ ನಮ್ಮ ಕಡೆ ಉಳಿದದ್ದು ಹೇಗೆ? ಪ್ರೀತಿಯಿಂದ ಎಂದು ಬರೆದರೆ ಚೆಂದ ಕಾಣುತ್ತದೆ. ನನಗೆ ಅನಿಸುವುದು, ಅದು ಉಳಿದದ್ದು ಹರಕೆಯಿಂದ. ತುಳುನಾಡಿನ ಮನೆಗಳಲ್ಲಿ ಕೋಳಿ ಸಾಕುವುದು ಮೊಟ್ಟೆಗಲ್ಲ. ದೈವಕ್ಕೆ ಒಂದು, ನೆಂಟರು ಬಂದಾಗ ಕೋರಿ ರೊಟ್ಟಿಗೆ ಒಂದು, ಮಾರಿಗೆ ಒಂದು. ಕಾಪುವಿನಲ್ಲಿ ಮೂರು ಮಾರಿಗುಡಿಗಳು, ವರ್ಷಕ್ಕೆ ಮೂರು ಸಲ ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಮಂಗಳವಾರ ರಾತ್ರಿಯಿಂದ ಬುಧವಾರದ ತನಕ ಪೇಟೆಯಲ್ಲಿ ಕೋಳಿಯದ್ದೇ ಸಂತೆ. ದೇವಸ್ಥಾನದ ವಠಾರದಲ್ಲಿ ಪ್ರಾಣಿಬಲಿ ಕೂಡದೆಂದು 1959ರಲ್ಲೇ ರಾಜ್ಯದಲ್ಲಿ ಕಾನೂನು ಬಂದಿದೆ. ಕತ್ತಿ ಹೊರಕ್ಕೆ ಸರಿಯಿತು, ಸಂತೆ ಸರಿಯಲಿಲ್ಲ. ಹರಕೆಗೆ ಬಣ್ಣ ಮುಖ್ಯ, ತೂಕವಲ್ಲ. ಫಾರಮ್ಮಿನ ಬಿಳಿ ಕೋಳಿ ಅಲ್ಲಿ ಲೆಕ್ಕಕ್ಕಿಲ್ಲ. ಇನ್ನು ಕೋಳಿ ಅಂಕ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ, ಪೊಲೀಸ್ ದಾಳಿಯ ಸುದ್ದಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಹಾಗಿದ್ದೂ ಬೊಳ್ಳೆ, ಉರಿಯೆ, ಕೆಮ್ಮೈರೆ ಎಂದು ಬಣ್ಣ ಬಣ್ಣಕ್ಕೆ ಹೆಸರಿಟ್ಟು, ಯಾವ ದಿನ ಯಾವ ಬಣ್ಣ ಗೆಲ್ಲುತ್ತದೆ ಎಂದು ನೋಡಲು ಕುಕ್ಕುಟ ಪಂಚಾಂಗವನ್ನೇ ಇಟ್ಟುಕೊಂಡ ನಾಡು ಇದು. ಇವೆಲ್ಲಕ್ಕೂ ಬೇಕಾದ್ದು ಹುಂಜ. ಹುಂಜಗಳನ್ನು ಖರ್ಚಿಲ್ಲದೆ ತಯಾರು ಮಾಡಿಕೊಡುವವಳು ಕಾವಿನ ಹೇಂಟೆ. ಅವಳ ಕತ್ತಿಗೆ ಯಾರೂ ಕೈಹಾಕುವುದಿಲ್ಲ. ದೀಪಾವಳಿಯ ನಂತರ ಕಾವಿಗಿಟ್ಟರೆ ಮರಿಗಳು ಬೇಸಗೆಯ ನೇಮಗಳ ಹೊತ್ತಿಗೆ ಕೈಗೆ ಬರುತ್ತವೆ. ಆಗ ಹೇಳುತ್ತೇನೆಂದ ಇನ್ನೊಂದು ಲೆಕ್ಕ ಇದೇ. ಮಕ್ಕಳು ಹೋಗುವುದರಿಂದ ತಾಯಿ ಉಳಿಯುತ್ತಾಳೆ. ಸಿಹಿಯಾದ ಲೆಕ್ಕವಲ್ಲ, ಆದರೆ ಇದ್ದದ್ದು ಹಾಗೆ.

ಕಾರ್ಕಳಕ್ಕೆ ಹೋದರೆ ಇದೇ ಕೋಳಿಗೆ ಬೇರೆ ಲೆಕ್ಕ. 1432ರಲ್ಲಿ ನಿಂತ ಗೊಮ್ಮಟನ ಊರು ಅದು, ಜೈನರ ಮನೆಗಳಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ದೊರೆ ಯಶೋಧರ ತಾಯಿಯ ಒತ್ತಾಯಕ್ಕೆ ಜೀವವಿಲ್ಲದ ಹಿಟ್ಟಿನ ಹುಂಜವನ್ನು ಬಲಿ ಕೊಡುತ್ತಾನೆ. ಅಷ್ಟಕ್ಕೇ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ತೊಳಲಿ, ಕೊನೆಗೆ ಕೋಳಿಗಳಾಗಿಯೂ ಹುಟ್ಟಿ ಸಾಯಬೇಕಾಗುತ್ತದೆ. ಕೋಳಿಯಾಗಿ ಹುಟ್ಟಬೇಕಾದರೂ ಯಾವುದೋ ಒಂದು ಹೇಂಟೆ ಇಪ್ಪತ್ತೊಂದು ದಿನ ಹಸಿದು ಕೂತಿರಲೇಬೇಕಲ್ಲ ಎಂದು ನಾನು ಲೆಕ್ಕ ಹಾಕುವುದುಂಟು.

ಕಾರ್ಕಳದಿಂದ ಮುಂದೆ ಮಾಳ ದಾಟಿ ಕುದುರೆಮುಖದ ಕಾಡಿನಂಚಿಗೆ ಹೋದರೆ ಬೆಳಗ್ಗೆ ಬೂದು ಕಾಡುಕೋಳಿಯ ಕೂಗು ಕೇಳುತ್ತದೆ. ನಾಟಿಯ ಕೂಗಿಗಿಂತ ಒರಟು, ಮುರಿದು ಮುರಿದು ಬರುವಂಥದ್ದು. ಮನೆಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ ಒಂದೇ ಎಂದು ಬಹುಕಾಲ ತಿಳಿದಿದ್ದರು. 2008ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಗೊತ್ತಾದದ್ದು, ಮನೆಕೋಳಿಯ ಹಳದಿ ಕಾಲಿನ ವಂಶವಾಹಿ ಬಂದದ್ದು ಈ ಬೂದು ಕೋಳಿಯ ಕಡೆಯಿಂದ. ಭಾರತ ಬಿಟ್ಟರೆ ಈ ಕೋಳಿ ಜಗತ್ತಿನ ಬೇರೆಡೆ ಇಲ್ಲವೆನ್ನಬಹುದು. ಅಂದರೆ ಅಮೆರಿಕದ ಲೆಗ್‌ಹಾರ್ನಿಗೂ ಹಳದಿ ಕಾಲು ಕೊಟ್ಟವರಲ್ಲಿ ನಮ್ಮ ಘಟ್ಟದ ಬುಡದವರ ಪಾಲು ಇದ್ದೀತು.

ಮರಿಗಳು ಅಂಗಳಕ್ಕಿಳಿದ ಮೇಲಿನ ಕತೆ ಉದ್ದವಿದೆ. ಮೊದಲು ಕುಚ್ಚಲಕ್ಕಿಯ ನುಚ್ಚು, ಆಮೇಲೆ ಸೆಗಣಿಯ ಹಳೆ ಮಡಕೆ ಕವುಚಿ ಹಿಡಿದ ಗೆದ್ದಲು. ಮಲ್ಪೆಯಿಂದ ತಂದ ಹಳೆ ಮೀನುಬಲೆಯನ್ನು ಮೇಲೆ ಹರಡಿದರೆ ಗಿಡುಗ ಎರಗದು, ಕಾಗೆ ಮಾತ್ರ ಅದರಲ್ಲೂ ಸಂದು ಹುಡುಕುತ್ತದೆ. ಆಕಾಶದ ವೈರಿಗೆ ಒಂದು ಕೂಗು, ನೆಲದ ಮುಂಗುಸಿಗೆ ಇನ್ನೊಂದು ಕೂಗು ತಾಯಿಯಲ್ಲಿದೆ. ಮೊದಲನೆಯದಕ್ಕೆ ಮರಿಗಳು ಇದ್ದಲ್ಲೇ ಅಡಗುತ್ತವೆ. ಯಂತ್ರದ ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗೆ ಇದನ್ನು ಹೇಳಿಕೊಡುವವರಿಲ್ಲ. ಕೊಕ್ಕರೆ ರೋಗಕ್ಕೆ ಮಾತ್ರ ತಾಯಿಯ ಬಳಿಯೂ ಕೂಗಿಲ್ಲ, ಅದಕ್ಕೆ ಲಸಿಕೆಯೇ ಆಗಬೇಕು. ಇಷ್ಟು ಮಾಡಿದವಳು ಎರಡು ತಿಂಗಳಾಗುವಾಗ ಒಂದು ಬೆಳಗ್ಗೆ ಅದೇ ಮಕ್ಕಳನ್ನು ಕುಕ್ಕಿ ಓಡಿಸಿ, ಹುಂಜನ ಹಿಂದೆ ಹೋಗಿ ಮತ್ತೆ ಮೊಟ್ಟೆಗೆ ಜಾಗ ಹುಡುಕುತ್ತಾಳೆ.

ದೊಡ್ಡಮ್ಮನ ಕೋಳಿ ಕಾವಿಗೆ ಬಾರದ ವರ್ಷ ನೆರೆಮನೆಯ ಬಾಯಮ್ಮನ ಹೇಂಟೆ ಬರುತ್ತಿತ್ತು. ಮೊಟ್ಟೆ ನಮ್ಮದು, ಹೊಟ್ಟೆ ಅವರದು, ಮರಿಗಳಲ್ಲಿ ಅರ್ಧರ್ಧ ಪಾಲು ಎಂದು ಒಪ್ಪಂದ. ಕಾಗೆ, ಮುಂಗುಸಿ, ಬರಡು ಮೊಟ್ಟೆ ಎಲ್ಲ ಕಳೆದು ಉಳಿದದ್ದು ಸರಿ ಸಂಖ್ಯೆಯಾದರೆ ಇಬ್ಬರೂ ನಗುತ್ತ ಹಂಚಿಕೊಳ್ಳುವರು. ಬೆಸವಾದರೆ ಜಗಳ. “ನಮ್ಮ ಹುಂಜ ಇಲ್ಲದಿದ್ರೆ ಮರಿ ಎಲ್ಲಿತ್ತು ಬಾಯಮ್ಮ?” “ಇಪ್ಪತ್ತೊಂದು ದಿನ ನಿಮ್ಮ ಹುಂಜ ಕೂತದ್ದಾ ಅಕ್ಕಾ?” ಎರಡಕ್ಕೂ ಉತ್ತರವಿಲ್ಲದ್ದರಿಂದ ಕೊನೆಗೆ ಒಂದು ತೀರ್ಮಾನವಾಯಿತು. ಹೆಚ್ಚಿನ ಒಂದು ಮರಿ ಯಾರದ್ದೂ ಅಲ್ಲ. ಒಂದು ಸಲ ಅದು ಕಾಪುವಿನ ಮಾರಿಗೆ, ಮತ್ತೊಂದು ಸಲ ಬಾಯಮ್ಮನ ಇಗರ್ಜಿಯ ಏಲಂಗೆ. ಇಬ್ಬರಿಗೂ ಈಗ ವಯಸ್ಸಾಗಿದೆ, ಒಪ್ಪಂದ ಮಾತ್ರ ಜಾರಿಯಲ್ಲಿದೆ. ಈ ಸಲದ ಸರದಿ ಯಾರದ್ದು ಎಂಬುದರಲ್ಲಿ ಒಮ್ಮತವಿಲ್ಲದೆ, ಆ ಕೆಂಪು ಹುಂಜ ಎರಡೂ ಮನೆಯ ನುಚ್ಚು ತಿಂದು ಮೂರು ಕಿಲೋ ದಾಟಿದೆ.